ಸಹಾಯ ಬೇಕು: ಮಂಡಿನೋವಿರುವ ತಾಯಿಯವರೊಂದಿಗೆ ಬೇಕಲ ಕೋಟೆಯಲ್ಲಿ ಒಂದು ದಿನ

ಗುಂಪಿನ ಸದಸ್ಯರಿಗೆ ನಮಸ್ಕಾರ. ದಸರಾ ರಜೆಯಲ್ಲಿ ಕಾಸರಗೋಡು ಜಿಲ್ಲೆಯ ಬೇಕಲ ಕೋಟೆಯನ್ನು ನೋಡಲು ನಮ್ಮ ಕುಟುಂಬ ನಿಶ್ಚಯಿಸಿದ್ದು, ಅಲ್ಲಿಗೆ ಹೋಗಿಬಂದವರ ಸಲಹೆ ಬೇಕಾಗಿದೆ.

ಕೆಳದಿಯ ಶಿವಪ್ಪ ನಾಯಕನು 17ನೇ ಶತಮಾನದಲ್ಲಿ ಕಟ್ಟಿಸಿದ, ಮುಂದೆ ಹೈದರ್ ಅಲಿಯ ಕೈಸೇರಿ, 1799ರಲ್ಲಿ ಟಿಪ್ಪು ಮಡಿದ ಬಳಿಕ ಬ್ರಿಟಿಷರ ವಶವಾದ ಈ ಮುರಕಲ್ಲಿನ ಕೋಟೆಯಲ್ಲಿ ನನಗೆ ಹೆಚ್ಚು ಕುತೂಹಲವಿರುವುದು ಹೊರಗೋಡೆಯ ಕಿಂಡಿಗಳ ಬಗ್ಗೆ. ಮೇಲಿನವು ದೂರದ ಶತ್ರುವಿಗೆ, ಅದರ ಕೆಳಗಿನವು ಸಮೀಪಿಸಿದವನಿಗೆ, ತೀರಾ ಕೆಳಗಿನವು ಗೋಡೆಯ ಬುಡಕ್ಕೇ ಬಂದವನಿಗೆ ಗುರಿಯಿಡಲೆಂದು ಬೇರೆ ಬೇರೆ ಓರೆಯಲ್ಲಿ ಇರುವುದರಿಂದ, ಪ್ರತಿಯೊಂದರಲ್ಲೂ ಇಣುಕಿ ನೋಡುವ ಆಸೆಯಿದೆ. (ಮಕ್ಕಳಿಗಿಂತ ನನಗೇ ಈ ಹುಚ್ಚು ಹೆಚ್ಚು.)

ತೊಂದರೆಯೆಂದರೆ ತಾಯಿಯವರಿಗೆ ಮಂಡಿನೋವಿದ್ದು, ಮೆಟ್ಟಿಲು ಇಳಿಯುವುದು ಕಷ್ಟ. ವೀಕ್ಷಣಾ ಬುರುಜಿಗೆ ಇರುವ ಅಗಲವಾದ ಇಳಿಜಾರು ದಾರಿಯನ್ನು ಅವರು ಕೈಗೋಲಿನ ನೆರವಿನಿಂದ ನಿಧಾನವಾಗಿ ಹತ್ತಬಹುದೇ? ಕಡಲಿನ ಕಡೆಯ ಬುರುಜಿಗೆ ಇಳಿಯುವಲ್ಲಿ ಹಿಡಿದುಕೊಳ್ಳಲು ಆಸರೆಯಿದೆಯೇ, ಮಳೆಗಾಲ ಮುಗಿದ ಹೊಸತರಲ್ಲಿ ಕಲ್ಲಿನ ಪಾಚಿ ಜಾರುತ್ತದೆಯೇ? ಒಳಗೆ ಬಯಲೇ ಹೆಚ್ಚಾದ್ದರಿಂದ, ಬೆಳಿಗ್ಗೆ ಬೇಗ ಹೋಗುವುದು ಒಳ್ಳೆಯದೋ ಅಥವಾ ಬಿಸಿಲು ಇಳಿದ ಮೇಲೆ ಹೋದರೂ ಎಲ್ಲವನ್ನೂ ನೋಡಲು ಸಮಯ ಸಾಕಾಗುವುದೋ ಎಂಬುದನ್ನೂ ದಯವಿಟ್ಟು ತಿಳಿಸಬೇಕಾಗಿ ವಿನಂತಿ.