ಮಾತು ನಿಂತ ಮನೆಗೆ: ಓದುಗರ ಸ್ಪಂದನ

ಮೂಡಿಗೆರೆ ತಾಲ್ಲೂಕಿನ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಸಂಕಟ ಹೇಳಿಕೊಂಡಿದ್ದರು. ಆರು ಎಕರೆ ಕಾಫಿ ತೋಟ, ಅರವತ್ತೆರಡು ವರ್ಷದ ಯಜಮಾನರು, ಬೆಂಗಳೂರಿನ ಕಂಪನಿ ಕೆಲಸವನ್ನು ತಿಂಗಳಲ್ಲಿ ಹದಿನೈದು ದಿನ ಮನೆಯಿಂದಲೇ ಮಾಡುವ ಮಗ. ರಾತ್ರಿ ಊಟಕ್ಕೆ ಕುಳಿತರೆ ಟಿವಿಯಲ್ಲಿ ಯಾವುದೋ ನಾಯಕರ ಕೇಸು, ಇಲ್ಲವೇ ಗಾಜಾ, ಉಕ್ರೇನ್. ಒಬ್ಬರು ಹೌದೆಂದರೆ ಇನ್ನೊಬ್ಬರು ಅಲ್ಲ. ದೀಪಾವಳಿಯ ರಾತ್ರಿ ತಟ್ಟೆ ತಳ್ಳಿ ಎದ್ದ ಅಪ್ಪ ಇವತ್ತಿಗೂ ಮಗನ ಜತೆ ಮಾತಾಡಿಲ್ಲ. ಮಗಳ ಮದುವೆ ಮಾಘದಲ್ಲಿದೆ. 'ಟಿವಿ ಕನೆಕ್ಷನ್ ತೆಗೆಸಿಬಿಡಲೇ? ಇಬ್ಬರಲ್ಲಿ ಯಾರಿಗೆ ಬುದ್ಧಿ ಹೇಳಲಿ?' ಎಂದು ಆ ತಾಯಿ ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ನಿವೃತ್ತ ಶಿರಸ್ತೇದಾರ, ಹಾಸನ

ತಾಯೀ, ಮೂವತ್ತೊಂದು ವರ್ಷ ಕೋರ್ಟಿನ ಕಡತಗಳ ನಡುವೆ ಕೆಲಸ ಮಾಡಿದವನು ನಾನು. ನಿಮ್ಮ ಪತ್ರದ ಒಂದು ಸಾಲನ್ನು ಎರಡು ಸಲ ಓದಿದೆ. 'ಒಬ್ಬ ನಾಯಕರ ಹೆಸರು ಬಂದರೆ ಇವರು ಕಳ್ಳ ಅಂತಾರೆ, ಅವನು ಸುಳ್ಳು ಕೇಸು ಅಂತಾನೆ. ಇನ್ನೊಬ್ಬರ ಹೆಸರು ಬಂದರೆ ಇಬ್ಬರೂ ಮಾತು ಅದಲು ಬದಲು ಮಾಡಿಕೊಳ್ಳುತ್ತಾರೆ' ಎಂದು ಬರೆದಿದ್ದೀರಿ. ರೋಗ ಎಲ್ಲಿದೆ ಎಂಬುದು ನಿಮಗೇ ಗೊತ್ತಾಗಿದೆ.

ಟಿವಿಯವರು ಎಫ್‌ಐಆರ್ ಆದ ದಿನವೇ ತೀರ್ಪು ಕೊಟ್ಟುಬಿಡುತ್ತಾರೆ. ಆದರೆ ಎಫ್‌ಐಆರ್ ಅಂದರೆ ಠಾಣೆಯಲ್ಲಿ ದೂರು ದಾಖಲಾಯಿತು ಎಂದಷ್ಟೇ. ಚಾರ್ಜ್‌ಶೀಟ್ ಅಂದರೆ ಅದು ಪೊಲೀಸರ ಮಾತು. ನ್ಯಾಯಾಧೀಶರು ಆರೋಪ ನಿಗದಿ ಮಾಡಿದರೆ ವಿಚಾರಣೆ ನಡೆಸುವಷ್ಟು ವಿಷಯ ಇದೆ ಎಂದರ್ಥ, ಅಪರಾಧ ಸಾಬೀತಾಯಿತು ಎಂದಲ್ಲ. ದೋಷಿ ಎಂಬ ಮಾತು ಬರುವುದು ಇದೆಲ್ಲ ದಾಟಿದ ಮೇಲೆ. ಆಮೇಲೂ ಮೇಲ್ಮನವಿ ಇದೆ. ತಮಿಳುನಾಡಿನ ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣ ನಮ್ಮ ಬೆಂಗಳೂರಿನಲ್ಲೇ ನಡೆಯಿತಲ್ಲ. 2014ರ ಸೆಪ್ಟೆಂಬರ್‌ನಲ್ಲಿ ವಿಶೇಷ ನ್ಯಾಯಾಲಯ ನಾಲ್ಕು ವರ್ಷ ಶಿಕ್ಷೆ ಕೊಟ್ಟಿತು, 2015ರ ಮೇನಲ್ಲಿ ಹೈಕೋರ್ಟ್ ಖುಲಾಸೆ ಮಾಡಿತು. 2017ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಮೊದಲಿನ ತೀರ್ಪನ್ನೇ ಎತ್ತಿಹಿಡಿಯುವ ಹೊತ್ತಿಗೆ ಅವರು ತೀರಿಕೊಂಡು ಎರಡು ತಿಂಗಳಾಗಿತ್ತು. ಆ ತೀರ್ಪಿನ ಮೇಲೆ ಜೈಲಿಗೆ ಹೋದವರು ಅವರ ಜತೆ ಆರೋಪಿಗಳಾಗಿದ್ದ ಉಳಿದ ಮೂವರು. ನಡುವೆ ಎಷ್ಟು ಪಟಾಕಿ ಹೊಡೆದರು, ಎಷ್ಟು ಬಸ್ಸಿಗೆ ಕಲ್ಲು ತೂರಿದರು!

ಇನ್ನೊಂದು ವಿಷಯದಲ್ಲಿ ಓದಿದವರೂ ಎಡವುತ್ತಾರೆ. ಶಿಕ್ಷೆಗೆ ತಡೆ ಬೇರೆ, ದೋಷಿ ಎಂಬ ತೀರ್ಪಿಗೆ ತಡೆ ಬೇರೆ. ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಾದ ಶಾಸಕ, ಸಂಸದರ ಸ್ಥಾನ ಕೂಡಲೇ ಹೋಗುತ್ತದೆ. ಮೊದಲು ಮೇಲ್ಮನವಿ ಹಾಕಿ ಕುರ್ಚಿ ಉಳಿಸಿಕೊಳ್ಳುವ ದಾರಿ ಇತ್ತು, 2013ರ ಜುಲೈನಲ್ಲಿ ಲಿಲಿ ಥಾಮಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮುಚ್ಚಿತು. ಶಿಕ್ಷೆಗೆ ಮಾತ್ರ ತಡೆ ಸಿಕ್ಕರೆ ಜೈಲು ತಪ್ಪುತ್ತದೆ, ಕುರ್ಚಿ ಬರುವುದಿಲ್ಲ. ರಾಹುಲ್ ಗಾಂಧಿ ಅವರ ಸ್ಥಾನ 2023ರ ಮಾರ್ಚ್‌ನಲ್ಲಿ ಹೋಗಿ ಆಗಸ್ಟ್‌ನಲ್ಲಿ ಮರಳಿ ಬಂದದ್ದು ತೀರ್ಪಿಗೇ ತಡೆ ಸಿಕ್ಕಿದ್ದರಿಂದ.

ಮೂವತ್ತು ದಿನ ಜೈಲಿನಲ್ಲಿದ್ದ ಮಂತ್ರಿ ಕುರ್ಚಿ ಬಿಡಬೇಕು ಎಂಬ ಮಸೂದೆಯ ಬಗ್ಗೆ ಇವರಿಬ್ಬರೂ ಕಿತ್ತಾಡಿದರು ಎಂದಿರಿ. 2025ರ ಆಗಸ್ಟ್‌ನಲ್ಲಿ ಅದನ್ನು ಲೋಕಸಭೆಯಲ್ಲಿ ಮಂಡಿಸಿ ಜಂಟಿ ಸಮಿತಿಗೆ ಒಪ್ಪಿಸಿದರು. ಜೈಲಿನಿಂದ ರಾಜ್ಯ ಆಳುವುದು ಸರಿಯೇ ಎಂಬುದು ನಿಮ್ಮ ಯಜಮಾನರ ಪ್ರಶ್ನೆ. ಬಂಧಿಸುವ ಅಧಿಕಾರ ಯಾರ ಕೈಯಲ್ಲಿದೆ, ತೀರ್ಪಿಗೆ ಮೊದಲೇ ಶಿಕ್ಷೆಯಾದಂತಲ್ಲವೇ ಎಂಬುದು ಮಗನ ಪ್ರಶ್ನೆ. ಎರಡೂ ತೂಕದ ಪ್ರಶ್ನೆಗಳೇ. ಕೋರ್ಟಿನಲ್ಲಿ ಎರಡು ಕಡೆಯ ವಕೀಲರು ಇದಕ್ಕಿಂತ ಜೋರಾಗಿ ವಾದ ಮಾಡಿ ಮಧ್ಯಾಹ್ನ ಒಂದೇ ಕ್ಯಾಂಟೀನಿನಲ್ಲಿ ಉಣ್ಣುವುದನ್ನು ದಿನವೂ ನೋಡಿದವನು ನಾನು.

ನೀವು ಯಾರ ಪರವೂ ಆಗಬೇಕಿಲ್ಲ. ಸಾರು ಬಡಿಸುತ್ತಾ ಒಂದೇ ಮಾತು ಕೇಳಿ: 'ಆ ಕೇಸು ಈಗ ಯಾವ ಮೆಟ್ಟಿಲಲ್ಲಿದೆ?' ಅದು ತಿಳಿಯದೆ ಮುಂದಿನ ಮಾತು ಬೇಡ ಎಂದು ಹೇಳಿ. ಮೊದಲ ದಿನ ಇಬ್ಬರಿಗೂ ಗೊತ್ತಿರುವುದಿಲ್ಲ. ಮಗ ಮೊಬೈಲಿನಲ್ಲಿ ಹುಡುಕುತ್ತಾನೆ, ಅಪ್ಪ ಕನ್ನಡಕ ಹಾಕಿಕೊಂಡು ಬಗ್ಗಿ ನೋಡುತ್ತಾರೆ.

ಎಪ್ಪತ್ತರ ಹತ್ತಿರದ ಓದುಗ, ಚಿಕ್ಕಮಗಳೂರು

ತಂಗೀ, ನಿಮ್ಮ ಪತ್ರ ಓದಿ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಮನೆಯಲ್ಲಿ ಇದು ನಡೆದು ನಲವತ್ತೇಳು ವರ್ಷವಾಯಿತು.

1978ರ ನವೆಂಬರ್. ಇಂದಿರಾ ಗಾಂಧಿ ನಮ್ಮ ಕ್ಷೇತ್ರಕ್ಕೆ ಬಂದು ನಿಂತಿದ್ದರು. ಡಿ.ಬಿ. ಚಂದ್ರೇಗೌಡರು ಸ್ಥಾನ ಬಿಟ್ಟುಕೊಟ್ಟಿದ್ದರು, ಎದುರಿಗೆ ವೀರೇಂದ್ರ ಪಾಟೀಲರು. ಓಟಿಗೆ ಆಗ 21 ವರ್ಷ ಆಗಬೇಕಿತ್ತು, ನನಗೆ 22. ಜಿಟಿಜಿಟಿ ಮಳೆಯಲ್ಲಿ ತಲೆಗೆ ಗೊರಬು ಹಾಕಿಕೊಂಡು ತೋಟದ ಹೆಂಗಸರು ರಸ್ತೆ ಬದಿ ಗಂಟೆಗಟ್ಟಲೆ ನಿಂತಿದ್ದು ಕಣ್ಣಿಗೆ ಕಟ್ಟಿದಂತಿದೆ.

ನಮ್ಮಪ್ಪ ಗೇಣಿದಾರ. 1974ರ ಭೂಸುಧಾರಣೆ ತಿದ್ದುಪಡಿ ಬಂದ ಮೇಲೆ ಡಿಕ್ಲರೇಷನ್ ಹಾಕಿ ಎರಡೆಕರೆ ಗದ್ದೆ ತನ್ನ ಹೆಸರಿಗೆ ಮಾಡಿಕೊಂಡವರು. ಅವರಿಗೆ ಇಂದಿರಮ್ಮ ಅಂದರೆ ದೇವರು. ನಮ್ಮಣ್ಣ ಶಿವಮೊಗ್ಗದಲ್ಲಿ ಓದುತ್ತಿದ್ದವನು. ತುರ್ತು ಪರಿಸ್ಥಿತಿಯಲ್ಲಿ ಅವನ ಜತೆಗಾರನನ್ನು ಹಾಸ್ಟೆಲಿನಿಂದಲೇ ಹಿಡಿದುಕೊಂಡು ಹೋಗಿ, ವಿಚಾರಣೆ ಇಲ್ಲದೆ ಬಂಧಿಸಿಡುವ ಮೀಸಾ ಕಾಯ್ದೆಯಡಿ ಜೈಲಿಗೆ ಹಾಕಿದ್ದರು. ಇಬ್ಬರ ಹತ್ತಿರವೂ ಕಾರಣ ಇತ್ತು. ಒಬ್ಬರ ಕಾರಣವನ್ನು ಇನ್ನೊಬ್ಬರು ಕೇಳಲಿಲ್ಲ. ಅಪ್ಪ 'ಉಂಡ ಮನೆಗೆ ಎರಡು ಬಗೆಯೋನು' ಅಂದರು, ಅಣ್ಣ 'ನಿಮ್ಮ ಎರಡೆಕರೆಗೆ ದೇಶ ಅಡ ಇಟ್ಟಿರಿ' ಅಂದ. ಎಣಿಕೆ ದಿನವೇ ಟ್ರಂಕು ಹೊತ್ತು ಹೊರಟುಹೋದ.

ಇಂದಿರಾ ಎಪ್ಪತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಡಿಸೆಂಬರ್ 19ಕ್ಕೆ ಲೋಕಸಭೆ ಅವರನ್ನು ಉಚ್ಚಾಟಿಸಿತು. ಅವರ ಮಗ ಸಂಜಯ್ ಗಾಂಧಿಯ ಮಾರುತಿ ಕಂಪನಿ ಕುರಿತು ಸದನಕ್ಕೆ ಉತ್ತರ ಕೊಡಲು ಮಾಹಿತಿ ಕಲೆಹಾಕುತ್ತಿದ್ದ ಅಧಿಕಾರಿಗಳಿಗೆ ಪ್ರಧಾನಿಯಾಗಿದ್ದಾಗ ಅಡ್ಡಿ ಮಾಡಿದರು, ಸದನದ ಹಕ್ಕುಚ್ಯುತಿ ಆಯಿತು ಎಂಬ ಆರೋಪ. ತಿಹಾರ್ ಜೈಲಿಗೂ ಕಳಿಸಿದರು. ನಾವು ಓಟು ಹಾಕಿದ ಬೆರಳಿನ ಮಸಿ ಆಗಷ್ಟೇ ಅಳಿಸಿತ್ತು. ಅಪ್ಪ ಎರಡು ದಿನ ಉಣ್ಣಲಿಲ್ಲ. 1981ರಲ್ಲಿ ಇಂದಿರಾ ಪಕ್ಷಕ್ಕೇ ಬಹುಮತ ಇದ್ದ ಲೋಕಸಭೆ ಆ ನಿರ್ಣಯವನ್ನೇ ರದ್ದು ಮಾಡಿತು. ಒಂದು ಬಹುಮತ ಹಾಕಿದ ಬರೆಯನ್ನು ಇನ್ನೊಂದು ಬಹುಮತ ಅಳಿಸಿತು. ನಾಯಕರ ತಪ್ಪು ಒಪ್ಪು ತೀರ್ಮಾನಿಸುವುದು ಕೈ ಎತ್ತುವವರ ಲೆಕ್ಕದಿಂದ ಆಗಬಾರದು, ಸಾಕ್ಷಿ ನೋಡುವ ಕೋರ್ಟಿನಿಂದ ಆಗಬೇಕು ಎಂದು ನಾನು ಕಲಿತದ್ದು ಆಗಲೇ.

1980ರಲ್ಲಿ ಅವರು ರಾಯ್‌ಬರೇಲಿ, ಮೆದಕ್ ಎರಡೂ ಕಡೆ ಗೆದ್ದು ಮೆದಕ್ ಉಳಿಸಿಕೊಂಡರು. ಚಿಕ್ಕಮಗಳೂರಿಗೆ ಬಂದು ನಿಲ್ಲಲಿಲ್ಲ. ಅಣ್ಣ ಮಾತ್ರ ಮೂರು ವರ್ಷ ಮನೆಗೆ ಬರಲಿಲ್ಲ. ಅಮ್ಮ ಅವನ ಹಿತ್ತಾಳೆ ಲೋಟವನ್ನು ದಿನಾ ಹುಣಸೆಹಣ್ಣು ಹಾಕಿ ತಿಕ್ಕಿ ಗೂಡಿನಲ್ಲಿ ಇಡುತ್ತಿದ್ದಳು. ಅಜ್ಜಿಯ ತಿಥಿಗೆ ಬಂದವನು ಜಗಲಿಯ ಮೂಲೆಯಲ್ಲಿ ಕುಳಿತ. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, ಎಲೆ ಅಡಿಕೆ ತಟ್ಟೆಯನ್ನು ಕಾಲಿನ ಹೆಬ್ಬೆರಳಿನಿಂದ ಅವನ ಕಡೆ ಸರಿಸಿದರು. ಅಷ್ಟೇ ನಡೆದದ್ದು. ಆ ಮೂರು ವರ್ಷ ಅಮ್ಮನಿಗೆ ಯಾರೂ ತಿರುಗಿಸಿ ಕೊಡಲಿಲ್ಲ.

ನಿಮ್ಮ ಯಜಮಾನರನ್ನು ಒಬ್ಬರೇ ಇದ್ದಾಗ ಕೇಳಿ: ಆ ನಾಯಕರು ನಿಮಗೆ ಯಾಕೆ ಅಷ್ಟು ಇಷ್ಟ? ಮಗನನ್ನೂ ಬೇರೆಯಾಗಿ ಕೇಳಿ. ಇಬ್ಬರ ಒಳಗೂ ಒಂದು ಎರಡೆಕರೆ ಗದ್ದೆಯೋ ಒಬ್ಬ ಜತೆಗಾರನೋ ಇರುತ್ತಾನೆ. ಅದನ್ನು ಒಬ್ಬರಿಂದ ಇನ್ನೊಬ್ಬರಿಗೆ ಮುಟ್ಟಿಸಿ. ಮದುವೆಗೆ ಮೊದಲೇ ಮುಟ್ಟಿಸಿ.

ಕಾಫಿ ವ್ಯಾಪಾರಿ, ಸಕಲೇಶಪುರ

ಅಕ್ಕಾ, ಚುಟುಕಾಗಿ ಹೇಳುತ್ತೇನೆ. ಹೊರದೇಶದ ಯುದ್ಧದ ಮಾತು ಬಂದರೆ ಇಬ್ಬರನ್ನೂ ತೋಟದ ಲೆಕ್ಕಕ್ಕೆ ಎಳೆಯಿರಿ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಕಾಫಿ ಬೋರ್ಡಿನ ದೊಡ್ಡ ಗಿರಾಕಿಯೇ ಹೋದ, ಬೆಳೆಯನ್ನೆಲ್ಲ ಬೋರ್ಡೇ ಒಟ್ಟುಮಾಡಿ ಮಾರುತ್ತಿದ್ದ ಪೂಲ್ ವ್ಯವಸ್ಥೆ ಅಲ್ಲಾಡಿತು. ನಿಮ್ಮ ಯಜಮಾನರಿಗೆ ಅದು ಚೆನ್ನಾಗಿ ನೆನಪಿರುತ್ತದೆ, ಮಗನಿಗೆ ಗೊತ್ತಿರಲಿಕ್ಕಿಲ್ಲ. 2022ರಲ್ಲಿ ಉಕ್ರೇನಿನ ಮೇಲೆ ಯುದ್ಧ ಶುರುವಾದಾಗ ಪೊಟ್ಯಾಷ್ ಗೊಬ್ಬರದ ಚೀಲ ಮುಟ್ಟುವ ಹಾಗಿರಲಿಲ್ಲ, ರಷ್ಯಾ, ಬೆಲರೂಸ್ ಎರಡರಿಂದಲೂ ಅದು ಬರಬೇಕು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಆದಾಗ ಇಟಲಿ, ಜರ್ಮನಿಗೆ ಹೋಗುವ ನಮ್ಮ ಕಾಫಿ ಆಫ್ರಿಕಾ ಸುತ್ತಿಕೊಂಡು ಹೋಯಿತು, ಕಂಟೇನರ್ ಬಾಡಿಗೆ ಮೇಲಕ್ಕೆ ಹಾರಿತು. ಗೊಬ್ಬರದ ಲೆಕ್ಕದ ಪುಸ್ತಕವನ್ನು ಮಗನ ಕೈಗೆ ಕೊಟ್ಟು, ಹಳೆಯ ರೇಟು ಅಪ್ಪನ ಹತ್ತಿರ ಕೇಳಿ ಬರಿ ಅನ್ನಿ. ಮಾತಾಡದೇ ವಿಧಿಯಿಲ್ಲ.

ಒಬ್ಬ ತಾಯಿ, ಬೇಲೂರು

ನನ್ನ ಮಗ ಉಕ್ರೇನಿನ ಹಾರ್ಕಿವ್‌ನಲ್ಲಿ ಎಂಬಿಬಿಎಸ್ ಓದುತ್ತಿದ್ದ. 2022ರ ಫೆಬ್ರವರಿ 24ರ ಬೆಳಿಗ್ಗೆ ಫೋನ್ ಬಂತು: 'ಅಮ್ಮಾ, ಬಾಂಬ್ ಸದ್ದು ಕೇಳ್ತಿದೆ, ನೆಲಮಾಳಿಗೆಗೆ ಹೋಗ್ತಿದೀವಿ.' ಆಮೇಲೆ ಆರು ದಿನ ನಾನು ಮೊಬೈಲನ್ನು ಚಾರ್ಜರಿನಿಂದ ತೆಗೆಯಲಿಲ್ಲ, ಗೋಡೆ ಪಕ್ಕದಲ್ಲೇ ಚಾಪೆ ಹಾಕಿ ಮಲಗಿದೆ. ಮಾರ್ಚ್ 1ಕ್ಕೆ ಹಾವೇರಿ ಜಿಲ್ಲೆಯ ಹುಡುಗ ಅದೇ ಊರಲ್ಲಿ ತೀರಿಕೊಂಡ ಸುದ್ದಿ ಬಂತು. ದಿನಸಿ ತರಲು ಹೊರಗೆ ಹೋಗಿದ್ದನಂತೆ. ಟಿವಿಯವರು ಮೊದಲು 'ಕರ್ನಾಟಕದ ವಿದ್ಯಾರ್ಥಿ' ಎಂದಷ್ಟೇ ಹೇಳಿದರು. ಹೆಸರು ಹೇಳುವತನಕದ ಆ ಹೊತ್ತು ನಾನು ಹೇಗೆ ಬದುಕಿದೆನೋ.

ಮರುದಿನ ಸಂಜೆಯೊಳಗೆ ಊರು ಬಿಡಿ, ವಾಹನ ಸಿಗದಿದ್ದರೆ ನಡೆದೇ ಹೋಗಿ ಎಂದು ರಾಯಭಾರ ಕಚೇರಿ ಹೇಳಿತು. ಮಗ ಹತ್ತಿರದ ಪೆಸೊಚಿನ್ ಎಂಬ ಊರಿಗೆ ನಡೆದ. ಹಿಮದಲ್ಲಿ. ಜೇಬಿನಲ್ಲಿ ಒಂದು ಪೊಟ್ಟಣ ಬಿಸ್ಕತ್ತು, ಅದನ್ನು ನಾಲ್ವರು ಹಂಚಿಕೊಂಡರಂತೆ. ಸರ್ಕಾರ ಕಳಿಸಿದ ಆಪರೇಷನ್ ಗಂಗಾ ವಿಮಾನದಲ್ಲಿ ಬಂದು ಇಳಿದಾಗ ಅವನ ಬೂಟು ಬಿಚ್ಚಲು ಆಗಲಿಲ್ಲ, ಕಾಲು ಅಷ್ಟು ಊದಿತ್ತು.

ಅದೇ ವಾರ ನಮ್ಮ ನೆಂಟರೊಬ್ಬರು ಮನೆಯಲ್ಲೇ ಕುಳಿತು 'ರಷ್ಯಾ ಸರಿಯಾಗಿ ಬಾರಿಸ್ತು' ಎಂದು ತೊಡೆ ತಟ್ಟಿದರು. ನಾನು ಅವರ ಕೈಯಿಂದ ಕಾಫಿ ಲೋಟ ವಾಪಸು ತೆಗೆದುಕೊಂಡೆ. ಗಾಜಾದ ಮಕ್ಕಳ ಸುದ್ದಿ ನೋಡುವಾಗಲೂ, 2023ರ ಅಕ್ಟೋಬರ್ 7ರ ಹಮಾಸ್ ದಾಳಿಯಲ್ಲಿ ಇಸ್ರೇಲಿನಲ್ಲಿ ಸತ್ತವರ, ಒತ್ತೆಯಾದವರ ಮನೆಯವರನ್ನು ನೋಡುವಾಗಲೂ ನನಗೆ ಕಾಣುವುದು ಗೋಡೆ ಪಕ್ಕದ ಆ ಚಾಪೆ. ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ 2023ರಲ್ಲಿ ಪುಟಿನ್ ಮೇಲೆ, 2024ರಲ್ಲಿ ನೆತನ್ಯಾಹು ಮೇಲೆ ವಾರಂಟ್ ಹೊರಡಿಸಿತು. ಭಾರತ ಆ ನ್ಯಾಯಾಲಯದ ಸದಸ್ಯ ಅಲ್ಲ, ಹಾಗಾಗಿ ನಮಗೇನೂ ಕಟ್ಟುಪಾಡಿಲ್ಲ ಎಂದು ಮಗ ಹೇಳುತ್ತಾನೆ. ಇರಲಿ. ಯುದ್ಧ ಮಾಡಿಸಿದವರನ್ನು ಕೇಳುವವರು ಭೂಮಿಯ ಮೇಲೆ ಎಲ್ಲೋ ಒಂದು ಕಡೆ ಇದ್ದಾರಲ್ಲ ಎಂಬುದೇ ನನಗೆ ಸಮಾಧಾನ.

ಟಿವಿ ತೆಗೆಸಬೇಡಿ ಅಕ್ಕಾ. ಊಟದ ಹೊತ್ತಿಗೆ ಆರಿಸಿ ಸಾಕು. ಇಬ್ಬರೂ ಬೇಕಾದರೆ ನನ್ನ ಮಗನ ಜತೆ ಮಾತಾಡಲಿ, ಈಗ ಅವನು ಊರಲ್ಲೇ ಇದ್ದಾನೆ.

ಪದವಿ ಕಾಲೇಜು ಉಪನ್ಯಾಸಕಿ, ಹಾಸನ ಜಿಲ್ಲೆ

ಆಂಟೀ, 'ರಾಜಕೀಯ ಮನೆಯಲ್ಲಿ ಬೇಡವೇ ಬೇಡ ಎಂದು ಆಣೆ ಮಾಡಿಸಿ' ಎಂದು ಹಲವರು ನಿಮಗೆ ಬರೆದಿರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮಾತಿಲ್ಲದ ಮನೆ ಹೇಗಿರುತ್ತದೆ ಎಂದು ನಾನು ನೋಡಿದ್ದೇನೆ.

2024ರ ಏಪ್ರಿಲ್ 26, ನಮ್ಮಲ್ಲಿ ಲೋಕಸಭೆಗೆ ಮತದಾನ. ಅದಕ್ಕೆ ಕೆಲವು ದಿನ ಮೊದಲು, ಸಂಸದರ ಮೇಲಿನ ಲೈಂಗಿಕ ದೌರ್ಜನ್ಯ ಆರೋಪದ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳು ಊರೂರು ತಿರುಗಿದವು. ಹೆಣ್ಣುಮಕ್ಕಳ ಮುಖವನ್ನೂ ಮರೆಮಾಡದೆ ಹಂಚಿದರು. ಮಾಡಿದ ಅಪರಾಧ ಒಂದಾದರೆ, ಹಂಚಿದ್ದು ಇನ್ನೊಂದು. ಆಗಿನ ಸಂಸದ ಪ್ರಜ್ವಲ್ ರೇವಣ್ಣ ಮತದಾನ ಮುಗಿಯುತ್ತಲೇ ಜರ್ಮನಿಗೆ ಹೋದರು, ಮೇ 31ಕ್ಕೆ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಬಂಧನವಾಯಿತು. ಆ ಒಂದು ತಿಂಗಳು ದೆಹಲಿ, ಅಮೆರಿಕ, ಪಾಕಿಸ್ತಾನ ಎಂದು ರಾತ್ರಿಯಿಡೀ ವಾದ ಮಾಡುತ್ತಿದ್ದ ನಮ್ಮ ಮನೆಯ ಗಂಡಸರು ಒಂದು ಮಾತೂ ಆಡಲಿಲ್ಲ. ಅಪ್ಪ ಪೇಪರ್ ಮಡಿಸಿ ದಿಂಬಿನ ಕೆಳಗೆ ಇಡುತ್ತಿದ್ದರು. ನನ್ನ ತರಗತಿಯಲ್ಲಿ ಹಾಜರಿ ಕರೆಯುವಾಗ ಒಂದೆರಡು ಹುಡುಗಿಯರು ತಲೆ ಎತ್ತುತ್ತಿರಲಿಲ್ಲ. ಸಂತ್ರಸ್ತರಿಗೂ ಇವರಿಗೂ ಸಂಬಂಧವೇ ಇರಲಿಲ್ಲ, ಹಾಸನದವರು ಎಂಬುದಷ್ಟೇ ಸಾಕಾಗಿತ್ತು. 'ನಿಮ್ಮ ಊರು ಯಾವುದು' ಎಂದು ಬಸ್ಸಿನಲ್ಲಿ ಕೇಳಿದರೆ ಪಕ್ಕದ ಜಿಲ್ಲೆಯ ಹೆಸರು ಹೇಳುತ್ತಿದ್ದರು.

2025ರ ಆಗಸ್ಟ್‌ನಲ್ಲಿ ವಿಶೇಷ ನ್ಯಾಯಾಲಯ ಒಂದು ಪ್ರಕರಣದಲ್ಲಿ ಅವರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮನೆಗೆಲಸ ಮಾಡಿಕೊಂಡಿದ್ದ ಒಬ್ಬ ಹೆಣ್ಣುಮಗಳ ದೂರಿನ ಮೇಲೆ. ಮೇಲ್ಮನವಿಯ ಹಕ್ಕು ಎಲ್ಲರಿಗೂ ಇದೆ, ಅದು ಸರಿ. ಆದರೆ ಅಷ್ಟು ದೊಡ್ಡ ಮನೆತನದ ಎದುರು ಕಟಕಟೆಯಲ್ಲಿ ನಿಂತು ಮಾತಾಡಿದವಳು ಅವಳು. ಅವತ್ತು ರಾತ್ರಿ ನಮ್ಮಪ್ಪ ಮೊದಲ ಸಲ ಬಾಯಿಬಿಟ್ಟರು. 'ಆ ಹುಡುಗಿಗೆ ಎಷ್ಟು ಧೈರ್ಯ ಕಣಮ್ಮ' ಅಂದರು. ನಾನು ಅಡುಗೆಮನೆಗೆ ಹೋಗಿ ಅತ್ತೆ. ಅದೊಂದು ಮಾತಿಗೆ ನಾನು ಒಂದೂಕಾಲು ವರ್ಷ ಕಾದಿದ್ದೆ.

ಹಾಗಾಗಿ ನಿಮ್ಮ ಮನೆಯಲ್ಲಿ ಮಾತು ನಡೆಯಲಿ, ನಾಯಕರ ತಪ್ಪಿನ ಬಗ್ಗೆಯೇ ನಡೆಯಲಿ. ನಿಮ್ಮ ಮಗಳೂ ಅದನ್ನು ಕೇಳಿಸಿಕೊಳ್ಳುತ್ತಿರುತ್ತಾಳೆ, ತನಗೇನಾದರೂ ಆದರೆ ಈ ಮನೆ ಯಾರ ಪರ ನಿಲ್ಲುತ್ತದೆ ಎಂದು ಅವಳು ತಿಳಿಯುವುದು ಇಂಥ ಮಾತುಗಳಿಂದಲೇ.

ಇನ್ನೊಂದು ವಿಷಯ. ಇಡೀ ಪತ್ರದಲ್ಲಿ ನಿಮ್ಮ ಯಜಮಾನರು ಏನಂದರು, ಮಗ ಏನಂದ ಎಂದು ಬರೆದಿದ್ದೀರಿ. ನಿಮಗೆ ಏನನ್ನಿಸುತ್ತದೆ ಎಂದು ಎಲ್ಲೂ ಬರೆದಿಲ್ಲ. ನೀವೂ ಅವರಷ್ಟೇ ಸಲ ಓಟು ಹಾಕಿದವರು. ನಾಳೆ ರಾತ್ರಿ ಬಡಿಸಿ ನಿಂತಿರಬೇಡಿ. ನಿಮ್ಮ ತಟ್ಟೆಯನ್ನೂ ಇಟ್ಟುಕೊಂಡು ಅವರಿಬ್ಬರ ನಡುವೆ ಕುಳಿತುಕೊಳ್ಳಿ, ಮೊದಲ ಮಾತು ನೀವೇ ಆಡಿ.