ದಿನಾ ಓಡಿದರೂ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 164 ಯಾಕೆ?

ವಯಸ್ಸು 42. ಬೆಳಗ್ಗೆ ಲಾಲ್‌ಬಾಗಿನಲ್ಲಿ ಓಡುತ್ತೇನೆ. ತೂಕ ಸರಿಯಾಗಿದೆ, ಸಿಗರೇಟು, ಕುಡಿತ ಇಲ್ಲ. ಆದರೂ ಟೋಟಲ್ ಕೊಲೆಸ್ಟ್ರಾಲ್ 236, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) 54, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) 90, ಎಲ್‌ಡಿಎಲ್ 164. ನಿಮಗೆ ಯಾರಿಗಾದರೂ ಹೀಗಾಗಿದೆಯಾ?

ಉತ್ತರ 1: ನನಗೂ ಆಗಿದೆ ಸರ್. ಓಟದ ಲಾಭ ನಿಮ್ಮ ರಿಪೋರ್ಟಿನಲ್ಲೇ ಇದೆ. ಟ್ರೈಗ್ಲಿಸರೈಡ್ 150ರ ಒಳಗಿದ್ದರೆ ಸಾಕು, ನಿಮ್ಮದು 90. ಬೆವರು ಹರಿಸಿದರೆ ಚೆನ್ನಾಗಿ ಇಳಿಯುವುದು ಅದೇ. ಎಲ್‌ಡಿಎಲ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಅದನ್ನು ರಕ್ತದಿಂದ ತೆಗೆಯುವ ಕೆಲಸ ಲಿವರಿನದು. ಲಿವರ್ ಎಷ್ಟು ಚುರುಕು ಅನ್ನೋದು ಬಹುಪಾಲು ಅಪ್ಪ ಅಮ್ಮನಿಂದ ಬಂದದ್ದು. ತುಪ್ಪ, ಬೆಣ್ಣೆ, ಕೊಬ್ಬರಿ ಎಣ್ಣೆ ಜಾಸ್ತಿಯಾದರೆ ಇನ್ನೂ ನಿಧಾನ.

ಇನ್ನೊಂದು ವಿಷಯ. ಎಷ್ಟೋ ಲ್ಯಾಬ್‌ಗಳಲ್ಲಿ ಎಲ್‌ಡಿಎಲ್ ಅಳೆಯುವುದಿಲ್ಲ, ಲೆಕ್ಕ ಹಾಕುತ್ತಾರೆ. ಟ್ರೈಗ್ಲಿಸರೈಡನ್ನು 5ರಿಂದ ಭಾಗಿಸಿದರೆ 18. 236ರಲ್ಲಿ ಆ 18, ಎಚ್‌ಡಿಎಲ್‌ನ 54 ಕಳೆಯಿರಿ, 164 ಬಂತಲ್ವಾ? ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ನಂಬಬೇಡಿ. ಟೋಟಲ್‌ನಿಂದ ಎಚ್‌ಡಿಎಲ್ ಮಾತ್ರ ಕಳೆದರೆ ನಾನ್-ಎಚ್‌ಡಿಎಲ್, ನಿಮ್ಮದು 182. ನಮ್ಮ ಡಾಕ್ಟರ್ ಮೊದಲು ನೋಡಿದ್ದು ಅದನ್ನೇ. ನನಗೆ 130ರೊಳಗೆ ಇರಲಿ ಅಂದರು.

ಉತ್ತರ 2: ಥೈರಾಯ್ಡ್ ಕೂಡ ನೋಡಿಸಿ. ನಮ್ಮಕ್ಕ ಜಿಮ್ ತಪ್ಪಿಸುತ್ತಿರಲಿಲ್ಲ, ಆದರೂ ಎಲ್‌ಡಿಎಲ್ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಥೈರಾಯ್ಡ್ ಮಾತ್ರೆ ಶುರುವಾದ ಮೇಲೆ ಇಳಿಯಿತು.

ಉತ್ತರ 3: ನನ್ನ ತಮ್ಮನದು ಉಲ್ಟಾ ಕೇಸು. ಎಲ್‌ಡಿಎಲ್ 110, ಟ್ರೈಗ್ಲಿಸರೈಡ್ 260. ಭಾನುವಾರ ಸೈಕಲ್ಲಿನಲ್ಲಿ ನಂದಿ ಬೆಟ್ಟ ಹತ್ತುತ್ತಾನೆ. ಇಳಿದವನೇ ದೋಸೆ ಮೇಲೆ ದೋಸೆ, ದೊಡ್ಡ ಲೋಟ ಕಬ್ಬಿನ ಹಾಲು, ಸಂಜೆಗೆ ಬಿಯರ್. ಬೋಂಡಾ ಬಿಟ್ಟಿದ್ದೀನಲ್ಲ ಅಂತ ವಾದ ಬೇರೆ! ಸಕ್ಕರೆ, ರಾಶಿ ಅನ್ನ, ಕುಡಿತ, ಇವೇ ಟ್ರೈಗ್ಲಿಸರೈಡ್ ಏರಿಸುವುದು.

ಟೆಸ್ಟಿನ ಹಿಂದಿನ ದಿನ ಮದುವೆ ಊಟ, ಗುಂಡು ಎರಡೂ ಬೇಡ. ಟೆಸ್ಟಿಗೆ ಮುಂಚೆ ಒಂಬತ್ತು-ಹನ್ನೆರಡು ಗಂಟೆ ಕಾಲ ಬರೀ ನೀರು. ಲಾಂಗ್ ರನ್ ಕೂಡ ಬೇಡ. ಟ್ರೈಗ್ಲಿಸರೈಡ್ ಒಂದೆರಡು ದಿನದ ಮಟ್ಟಿಗೆ ಇಳಿದು ಕಾಣುತ್ತದೆ. ಜೊತೆಗೆ ಲಿವರ್ ಟೆಸ್ಟ್ ಮಾಡಿಸಿದರೆ ದಣಿದ ಸ್ನಾಯುಗಳಿಂದ ಅದರಲ್ಲಿ ನೋಡುವ ಎಂಜೈಮ್ ಎಎಸ್‌ಟಿ ಏರಿರುತ್ತದೆ, ಸುಮ್ನೆ ಗಾಬರಿ.

ಉತ್ತರ 1: ಕೇಳೋದು ಮರೆತೆ. ಅಪ್ಪ, ಅಣ್ಣಂದಿರಿಗೆ 55ರೊಳಗೆ ಹಾರ್ಟ್ ಅಟ್ಯಾಕ್ ಆಗಿದೆಯಾ? ಹಾಗಿದ್ದರೆ ಲಿಪೊಪ್ರೋಟೀನ್-ಎ (ಎಲ್‌ಡಿಎಲ್ ತರಹದ್ದೇ ಇನ್ನೊಂದು ಕಣ) ಟೆಸ್ಟ್ ಒಂದು ಸಲ ಮಾಡಿಸಿ. ಅದು ಹುಟ್ಟಿನಿಂದ ಬಂದದ್ದು, ಓಟಕ್ಕೂ ಜಗ್ಗಲ್ಲ ಊಟಕ್ಕೂ ಜಗ್ಗಲ್ಲ. ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ) ಬೇಕೋ ಬೇಡವೋ ಅನ್ನೋದನ್ನು ಬಿಪಿ, ಶುಗರ್ ಎಲ್ಲ ನೋಡಿ ಡಾಕ್ಟರೇ ಹೇಳಬೇಕು.

ಕೇಳಿದವರು: ಅಪ್ಪನಿಗೆ 52ಕ್ಕೇ ಆಗಿತ್ತು. ಟಿಎಸ್‌ಎಚ್ (ಥೈರಾಯ್ಡ್ ಟೆಸ್ಟ್) ಜೊತೆ ಇದನ್ನೂ ಬರೆದುಕೊಡಿ ಅಂತ ಸೋಮವಾರ ಡಾಕ್ಟರನ್ನು ಕೇಳುತ್ತೇನೆ.