ಟಿಎಸ್‌ಎಚ್ ತೀರಾ ಕಡಿಮೆ, ಎಫ್‌ಟಿ4 ಜಾಸ್ತಿ, ಆದರೆ ಲಕ್ಷಣವೇ ಇಲ್ಲ: ರಿಪೋರ್ಟ್ ಬಿಡಬಹುದಾ?

ಪ್ರಶ್ನೆ
38 ವರ್ಷದ ಮಹಿಳೆ. ಥೈರಾಯ್ಡ್ ಪರೀಕ್ಷೆಯಲ್ಲಿ ಟಿಎಸ್‌ಎಚ್ (ಥೈರಾಯ್ಡ್‌ಗೆ ಕೆಲಸ ಮಾಡು ಅನ್ನುವ ಹಾರ್ಮೋನ್) 0.02, ಎಫ್‌ಟಿ4 (ರಕ್ತದಲ್ಲಿ ಬಿಡಿಯಾಗಿರುವ ಥೈರಾಯ್ಡ್ ಹಾರ್ಮೋನ್ ಟಿ4) 4.1. ಮೂರು ತಿಂಗಳ ಹಿಂದೆ ಎರಡೂ ನಾರ್ಮಲ್. ನಾಡಿ 74, ಕೈನಡುಕ ಇಲ್ಲ, ತೂಕವೂ ಇಳಿದಿಲ್ಲ. ಕ್ಯೂಸಿ (ಮಷಿನ್‌ನ ಗುಣಮಟ್ಟ ತಪಾಸಣೆ) ಸರಿಯಿದೆ, ರಿಪೀಟ್ ಮಾಡಿದರೂ ಅದೇ ಉತ್ತರ. ಮಷಿನ್ ಎಲೆಕ್ಟ್ರೋಕೆಮಿಲುಮಿನೆಸೆನ್ಸ್‌ನದು (ವಿದ್ಯುತ್ತಿನಿಂದ ಹೊಮ್ಮುವ ಬೆಳಕನ್ನು ಅಳೆಯುವಂಥದ್ದು). ಡೈಲ್ಯೂಟ್ ಮಾಡಿ ನೋಡಲಾ?

ಉತ್ತರ 1
ಈಗಲೇ ಬಿಡಬೇಡಿ. ಕೂದಲು, ಉಗುರಿಗೆ ಅಂತ ಮಾತ್ರೆ ತಗೊಳ್ತಿದ್ದಾರಾ ಕೇಳಿ. ಬರೀ "ಔಷಧಿ ಏನಾದರೂ?" ಅಂದರೆ ಇಲ್ಲ ಅಂತಾರೆ, ಕೂದಲಿನ ಮಾತ್ರೆಯನ್ನು ಯಾರೂ ಔಷಧಿ ಅಂತ ಎಣಿಸಲ್ಲ. ಅದರಲ್ಲಿ ಎಷ್ಟೋ ಸಲ 10 ಮಿಲಿಗ್ರಾಂ ಬಯೋಟಿನ್ (ಒಂದು ಬಿ ವಿಟಮಿನ್) ಇರುತ್ತೆ, ದೇಹಕ್ಕೆ ದಿನಕ್ಕೆ ಬೇಕಾಗಿದ್ದು ಸುಮಾರು 30 ಮೈಕ್ರೋಗ್ರಾಂ.

ಟಿಎಸ್‌ಎಚ್ ಸ್ಯಾಂಡ್‌ವಿಚ್ ವಿಧಾನ, ಅಂದರೆ ಎರಡು ಆ್ಯಂಟಿಬಾಡಿಗಳ ನಡುವೆ ಟಿಎಸ್‌ಎಚ್ ಹಿಡಿಯೋದು. ಬಯೋಟಿನ್ ಅಂಟಿಸಿದ ಆ್ಯಂಟಿಬಾಡಿಯನ್ನು ಸ್ಟ್ರೆಪ್ಟಾವಿಡಿನ್ (ಬಯೋಟಿನ್‌ಗೆ ಗಟ್ಟಿಯಾಗಿ ಅಂಟುವ ಪ್ರೋಟೀನ್) ಮಣಿ ಹಿಡಿದುಕೊಳ್ಳಬೇಕು. ರಕ್ತದ ಬಯೋಟಿನ್ ಮೊದಲೇ ಮಣಿಯನ್ನು ತುಂಬಿಬಿಟ್ಟರೆ ಟಿಎಸ್‌ಎಚ್ ತೊಳೆದುಹೋಗುತ್ತೆ, ಸಿಗ್ನಲ್ ಬೀಳುತ್ತೆ, ಉತ್ತರ ಕಡಿಮೆ. ಎಫ್‌ಟಿ4 ಸ್ಪರ್ಧಾತ್ಮಕ ವಿಧಾನ (ರೋಗಿಯ ಟಿ4, ಕಿಟ್‌ನ ಟಿ4 ಒಂದೇ ಜಾಗಕ್ಕೆ ಪೈಪೋಟಿ ಮಾಡುತ್ತವೆ), ಅಲ್ಲಿ ಸಿಗ್ನಲ್ ಬಿದ್ದಷ್ಟೂ ಉತ್ತರ ಜಾಸ್ತಿ. ಟಿಎಸ್‌ಎಚ್ ರಿಸೆಪ್ಟರ್ ಆ್ಯಂಟಿಬಾಡಿ ಪರೀಕ್ಷೆಯೂ ಸ್ಪರ್ಧಾತ್ಮಕವೇ, ಅದೂ ಸುಳ್ಳು ಪಾಸಿಟಿವ್ ಬಂದರೆ ಥೇಟ್ ಗ್ರೇವ್ಸ್ ಕಾಯಿಲೆ (ಆ್ಯಂಟಿಬಾಡಿಯಿಂದ ಥೈರಾಯ್ಡ್ ಅತಿಯಾಗಿ ಕೆಲಸ ಮಾಡೋದು)! ಥೈರಾಯ್ಡ್ ತಗ್ಗಿಸುವ ಕಾರ್ಬಿಮಜೋಲ್ ಮಾತ್ರೆ ಸುಮ್ಮನೆ ಶುರುವಾಗಿಬಿಡುತ್ತೆ.

ಉತ್ತರ 2
ಡೈಲ್ಯೂಷನ್ ಇಲ್ಲಿ ಬೇಡ. ಡೈಲ್ಯೂಟ್ ಮಾಡಿದರೆ ಪ್ರೋಟೀನ್‌ಗೆ ಅಂಟಿದ ಟಿ4ಗೂ ಬಿಡಿ ಟಿ4ಗೂ ಇರುವ ಸಮತೋಲನವೇ ಕೆಡುತ್ತೆ, 0.02 ಟಿಎಸ್‌ಎಚ್‌ನಲ್ಲಿ ಡೈಲ್ಯೂಟ್ ಮಾಡೋಕೆ ಉಳಿದಿರೋದಾದರೂ ಏನು?

ಮಾತ್ರೆ ನಿಲ್ಲಿಸಿ ಕನಿಷ್ಠ 2 ದಿನ ಬಿಟ್ಟು ಮತ್ತೆ ರಕ್ತ ತೆಗೆಯಿರಿ. ಕಿಡ್ನಿ ತೊಂದರೆ ಇದ್ದರೆ, ಅಥವಾ 100–300 ಮಿಲಿಗ್ರಾಂ ಡೋಸ್ ಇದ್ದರೆ ಇನ್ನೂ ಹೆಚ್ಚು ದಿನ ಬೇಕು. ಕಾಯೋಕಾಗದಿದ್ದರೆ ಅದೇ ಸೀರಮ್ ಅನ್ನು ಬಯೋಟಿನ್ ಬಳಸದ ಬೇರೆ ಮಷಿನ್‌ನಲ್ಲಿ ಹಾಕಿಸಿ. ಕಿಟ್ ಇನ್‌ಸರ್ಟ್‌ನಲ್ಲಿ ಬಯೋಟಿನ್ ಮಿತಿ ನೋಡಿ. ಹೊಸ ಕಿಟ್‌ಗಳಲ್ಲಿ ಅದನ್ನು ಬಹಳ ಏರಿಸಿದ್ದಾರೆ, ಹಾಗಾಗಿ ಯಾವ ಲಾಟ್ ಅನ್ನೋದು ಮುಖ್ಯ.

ಅದೇ ಟ್ಯೂಬಿನಿಂದ ಟ್ರೋಪೋನಿನ್ (ಹೃದಯಾಘಾತ ಪತ್ತೆ ಪರೀಕ್ಷೆ) ರಿಪೋರ್ಟ್ ಹೋಗಿದ್ದರೆ ತಕ್ಷಣ ತಡೆಯಿರಿ. ಸುಳ್ಳು ಕಡಿಮೆ ಟ್ರೋಪೋನಿನ್ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ.

ಉತ್ತರ 3
ಬಯೋಟಿನ್ ಇಲ್ಲವೇ ಇಲ್ಲ ಅಂತಾದರೆ ಹೆಟರೋಫೈಲ್ ಆ್ಯಂಟಿಬಾಡಿ (ಕಿಟ್‌ನ ಆ್ಯಂಟಿಬಾಡಿಗಳಿಗೇ ಅಂಟುವ ರೋಗಿಯ ಆ್ಯಂಟಿಬಾಡಿ) ಅಂತ ಹಾರಬೇಡಿ. ಅದು ಸಾಮಾನ್ಯವಾಗಿ ಟಿಎಸ್‌ಎಚ್ ಏರಿಸುತ್ತೆ, ಇಳಿಸಲ್ಲ. ಸ್ಟ್ರೆಪ್ಟಾವಿಡಿನ್‌ಗೇ ಆ್ಯಂಟಿಬಾಡಿ ಇರುವವರಲ್ಲಿ ಇದೇ ಚಿತ್ರ ಬರಬಹುದು, ಎಷ್ಟು ದಿನ ಕಾದರೂ ಹೋಗಲ್ಲ.

ಬಯೋಟಿನ್, ಸ್ಟ್ರೆಪ್ಟಾವಿಡಿನ್ ಆ್ಯಂಟಿಬಾಡಿ ಎರಡಕ್ಕೂ ಒಂದೇ ಉಪಾಯ: ಸ್ಟ್ರೆಪ್ಟಾವಿಡಿನ್ ಮಣಿಗಳ ದ್ರವ ತೆಗೆದು, ಸೀರಮ್ ಹಾಕಿ ಒಂದು ಗಂಟೆ ತಿರುಗಿಸಿ, ಅಯಸ್ಕಾಂತದಿಂದ ಮಣಿ ಬೇರ್ಪಡಿಸಿ ಮತ್ತೆ ಓಡಿಸಿ. ಪಕ್ಕದಲ್ಲೇ ಒಂದು ನಾರ್ಮಲ್ ಸೀರಮ್‌ಗೂ ಹಾಗೇ ಮಾಡಿ, ಮಣಿಯಲ್ಲಿ ಉಳಿದ ದ್ರವದಿಂದ ಎಷ್ಟು ತೆಳುವಾಯ್ತು ಅಂತ ತಿಳಿಯುತ್ತೆ. ಉತ್ತರ ಬದಲಾಗದಿದ್ದರೆ ನೋವಿಲ್ಲದ ಥೈರಾಯ್ಡೈಟಿಸ್ (ಥೈರಾಯ್ಡ್ ಉರಿಯೂತ) ಇರಬಹುದು, ಡಾಕ್ಟರಿಗೆ ಫೋನ್ ಮಾಡಿ ಹೇಳಿ.